ಟೂರಿಸ್ಟ್ ವೀಸಾ ಮ್ಯಾಲೆ ಹೋಗಿ ಕೆಲಸ ಮಾಡಕೋತ ದೇಶ ಸುತ್ಲಾಕ ಬರ್ತದೇನ್ರಿ?

ತೊಗರಿ ಹುಡುಗ (ಕಲಬುರಗಿ):
ನಮಸ್ಕಾರ್ರಿ ಎಲ್ಲರಿಗೂ. ನಂದು ಬಿಕಾಂ ಆಗ್ಯದ, ವಯಸ್ಸು 27, ಸೂಪರ್ ಮಾರ್ಕೆಟ್ ಕಡಿ ಒಂದು ಆಫೀಸ್‌ನಾಗ ಕೂತು ಜಿಎಸ್‌ಟಿ ರಿಟರ್ನ್ ತುಂಬಿ ತುಂಬಿ ತಲಿ ಕೆಟ್ಟದ. ಒಂದು ವರ್ಷ ಬ್ಯಾಗ್ ಹಾಕ್ಕೊಂಡು ಹೊರಗ ಸುತ್ತಬೇಕು, ರೊಕ್ಕ ತೀರಿದಲ್ಲೆ ಒಂದಿಷ್ಟು ದಿನ ದುಡಿದು ಮುಂದ ಹೋಗಬೇಕು ಅಂತ ವಿಚಾರ ಅದ. ಯೂಟ್ಯೂಬ್‌ನಾಗ ಥಾಯ್ಲೆಂಡ್ ಹಾಸ್ಟೆಲ್‌ದಾಗ ಹಾಸಿಗಿ ಹಾಸಿ ಕೊಟ್ರ ಇರಲಾಕ ಪುಕ್ಕಟೆ ಅಂತಾರ, ಇಲ್ಲಿ ಒಬ್ಬ ಏಜೆಂಟ್ ನೋಡಿದ್ರ ಮೂರು ಲಕ್ಷ ಕೊಡು, ವಿಸಿಟ್ ವೀಸಾ ಮ್ಯಾಲೆ ಕಳಸ್ತೀನಿ, ಹೋದ ಮ್ಯಾಲೆ ವರ್ಕ್ ಪರ್ಮಿಟ್ ಆಗ್ತದ ಅನ್ಲಾಕತ್ತಾನ. ಖರೇ ಏನ್ರಿ ಇದು? ಅಪ್ಪ ಅಂತೂ ಮೊದಲ ಲಗ್ನ ಆಗು, ಆಮ್ಯಾಲೆ ಎಲ್ಲಿ ಬೇಕಾದ್ರೂ ಹೋಗು ಅಂತಾನ.

ಬೀದರ್ ಅಕ್ಕ:
ತಮ್ಮಾ, ಏಜೆಂಟ್‌ಗೆ ಒಂದು ರೂಪಾಯಿ ಕೊಡಬ್ಯಾಡ. ಕೆಲಸಕ್ಕ ಹೊರಗ ಕಳಸೋರು ಸರ್ಕಾರದ ರಿಜಿಸ್ಟ್ರೇಷನ್ ಮಾಡಿಸಿರಬೇಕು, ಇ-ಮೈಗ್ರೇಟ್ ವೆಬ್‌ಸೈಟ್‌ನಾಗ ಹೆಸರು ಅದನೋ ಇಲ್ಲೋ ನೋಡು, ಅವರು ಸರ್ವಿಸ್ ಚಾರ್ಜ್ ಅಂತ 30,000 ಮತ್ತ ಜಿಎಸ್‌ಟಿ ಮ್ಯಾಲೆ ತಗೊಳಂಗಿಲ್ಲ, ಇವನ ಮೂರು ಲಕ್ಷದ ಲೆಕ್ಕ ನೀನೇ ಹಾಕು. ಸೆಕ್ಯೂರಿಟಿ ಕೆಲಸ ಅಂತ ಹೋದ ನಮ್ಮ ಕಲಬುರಗಿ ಕಡಿ ಹುಡುಗರು ರಷ್ಯಾ ಯುದ್ಧದಾಗ ಸಿಕ್ಕೊಂಡು 2024ರಾಗ ತಿರುಗಿ ಬಂದಿದ್ದು ಮರೆತಿಯೇನು?
ಹಾಸ್ಟೆಲ್ ಮಾತೂ ಹಂಗೇ. ಪಗಾರ ಕೊಡಲಿಲ್ಲ ಅಂದ್ರೂ ಊಟ, ಹಾಸಿಗಿ ಕೊಟ್ರ ಅದನ್ನ ಕೆಲಸ ಅಂತಲೇ ಹಿಡಿಯೋ ದೇಶ ಭಾಳ ಅದಾವ. ಥಾಯ್ಲೆಂಡ್‌ದಾಗ ವರ್ಕ್ ಪರ್ಮಿಟ್ ಇಲ್ಲದ ದುಡದು ಸಿಕ್ಕರ ದಂಡ ಹಾಕಿ ವಾಪಸ್ ಕಳಸ್ತಾರ, ಮುಂದಿನ ವೀಸಾಕ್ಕೂ ಅದು ಅಡ್ಡ ಬರ್ತದ. ವೀಡಿಯೋ ಮಾಡೋರು ಅದನ್ನ ತೋರಸಂಗಿಲ್ಲ ನೋಡು.

ಶಹಾಪುರ ಸವಾರಿ:
ಅಕ್ಕ ಹೇಳಿದ್ದು ಬರಾಬರ್. ಸುತ್ತಕೋತ ದುಡೀಲಾಕ ಅಂತಲೇ ಇರೋ ವೀಸಾ ನಮಗ ಆಸ್ಟ್ರೇಲಿಯಾದ್ದು ಅದ, 462 ಅಂತಾರ, 2024ರಿಂದ ಭಾರತದವರಿಗೂ ತೆಗೆದಾರ, ವರ್ಷಕ್ಕ 1,000 ಮಂದಿ, 18ರಿಂದ 30 ವಯಸ್ಸು. ಲಾಟರಿ ಥರ ಹೆಸರು ಎತ್ತತಾರ, ಹೆಸರು ಹಾಕ್ಲಾಕ 25 ಆಸ್ಟ್ರೇಲಿಯನ್ ಡಾಲರ್. ಮೊದಲನೇ ಸಲ ಸುಮಾರು 40 ಸಾವಿರ ಮಂದಿ ಹಾಕಿದ್ರಂತ, ಅದಕ್ಕ ನೌಕರಿ ಬಿಟ್ಟು ಕಾಯ್ಕೋತ ಕೂಡಬ್ಯಾಡ. ಹೆಸರು ಬಂದ ಮ್ಯಾಲೆ ವೀಸಾ ಫೀ ಬ್ಯಾರೆ, ಇಂಗ್ಲಿಷ್ ಟೆಸ್ಟ್ ಬ್ಯಾರೆ, ಖಾತೆದಾಗ 5,000 ಆಸ್ಟ್ರೇಲಿಯನ್ ಡಾಲರ್ ತೋರಸಬೇಕು. ಬಯೋಮೆಟ್ರಿಕ್‌ಗೆ ನಮಗ ಬೆಂಗಳೂರಕಿಂತ ಹೈದರಾಬಾದ್ ಹತ್ರ.
ನಾನು ಕ್ವೀನ್ಸ್‌ಲ್ಯಾಂಡ್‌ದಾಗ ಬಂಡಾಬರ್ಗ್ ಅಂತ ಊರು ಅದಲ್ಲ, ಅಲ್ಲಿ ಸಿಹಿಗೆಣಸು ಪ್ಯಾಕಿಂಗ್ ಶೆಡ್‌ನಾಗ ಇದ್ದೆ. ನಮ್ಮ ಬಿಸಲಿಗೆ ಹೊಲದಾಗ ತೊಗರಿ ಕೊಯ್ದವಂಗ ಕೆಲಸ ಏನು ದೊಡ್ಡದಲ್ಲ, ಆದ್ರ ಒಂದೇ ಮಾಲಕನ ಹತ್ರ ಆರು ತಿಂಗಳಕಿಂತ ಜಾಸ್ತಿ ಇರಂಗಿಲ್ಲ (ಕೆಲವು ಕೆಲಸಕ್ಕ ವಿನಾಯಿತಿ ಅದ). ಹೊಲದ್ದು, ತೋಟದ್ದು ಹಿಂಗ ಅಲ್ಲಿನ ಸರ್ಕಾರ ಹೇಳಿದ ಕಡಿ ಮೂರು ತಿಂಗಳ ಕೆಲಸ ಮಾಡಿದ್ರ ಎರಡನೇ ವರ್ಷದ ವೀಸಾಕ್ಕ ಅರ್ಜಿ ಹಾಕ್ಲಾಕ ಬರ್ತದ, ಅದಕ್ಕ ಪೇಸ್ಲಿಪ್ ಒಂದೂ ಬಿಸಾಕಬ್ಯಾಡ. 45,000 ಡಾಲರ್ ತನಕ 15% ಟ್ಯಾಕ್ಸ್ ಹಿಡೀತಾರ. ಇನ್ನ ಪಿಎಫ್ ಥರ ಸೂಪರ್ ಅಂತ ಮಾಲಕ ಕಟ್ತಾನ, ವಾಪಸ್ ಬಂದ ಮ್ಯಾಲೆ ಕೇಳಿದ್ರ ಅದರಾಗ 65% ಸರ್ಕಾರ ಇಟ್ಕೊಂತದ. ನೀ ಅಕೌಂಟ್ಸ್ ಹುಡುಗ, ಆ ರೊಕ್ಕ ಬಂದ್ರ ಬಂತು ಅಂತ ಲೆಕ್ಕದ ಹೊರಗ ಇಡು.

ಆಳಂದ ನಾಕಾ:
ಬ್ರಿಟನ್‌ದೂ ಅದ. ಡಿಗ್ರಿ ಆದವರಿಗೆ ವರ್ಷಕ್ಕ 3,000 ವೀಸಾ, ಎರಡು ವರ್ಷ ಇರಬಹುದು, ಲಾಟರಿಗೆ ಹೆಸರು ಹಾಕೋದು ಪುಕ್ಕಟೆ. ಆದ್ರ ಖಾತೆದಾಗ 2,530 ಪೌಂಡ್ ಇರಬೇಕು, ದವಾಖಾನಿ ಸರ್ಚಾರ್ಜ್ ವರ್ಷಕ್ಕ 776 ಪೌಂಡ್‌ದಂಗ ಎರಡೂ ವರ್ಷದ್ದು ಮೊದಲೇ ಕಟ್ಟಿಸ್ಕೊಂತಾರ. ಲಂಡನ್ ಬಾಡಗಿ ಕೇಳಿದ್ರ ನಿಮ್ಮಪ್ಪ ಲಗ್ನದ ಮಾತೇ ಬಿಡ್ತಾನ 😄

ತೊಗರಿ ಹುಡುಗ:
ಭಾಳ ಉಪಕಾರ ಆಯ್ತ್ರಿ. ಏಜೆಂಟ್ ನಂಬರ್ ಬ್ಲಾಕ್ ಮಾಡ್ದೆ. ಎರಡಕ್ಕೂ ಹೆಸರು ಹಾಕ್ತೀನಿ, ಅಲ್ಲಿ ತನಕ ನೇಪಾಳಕ್ಕ ಹೋಗಿ ಬರ್ತೀನಿ, ಅಲ್ಲಿಗೆ ವೀಸಾನೇ ಬ್ಯಾಡಲ್ಲ. ಶಹಾಪುರ ಅಣ್ಣಾ, ಪ್ಯಾನ್‌ದಾಗ ನನ್ನ ಹೆಸರಿನ ಜೋಡಿ ಅಪ್ಪನ ಹೆಸರು ಸೇರ್ಯದ, ಪಾಸ್‌ಪೋರ್ಟ್‌ದಾಗ ಇಲ್ಲ, ನಡೀತದೇನು?

ಶಹಾಪುರ ಸವಾರಿ:
ಆಸ್ಟ್ರೇಲಿಯಾ ಲಾಟರಿಗೆ ಪಾಸ್‌ಪೋರ್ಟ್, ಪ್ಯಾನ್ ಎರಡೂ ಕೇಳ್ತಾರ. ರಿಸ್ಕ್ ತಗೋಬ್ಯಾಡ, ಪ್ಯಾನ್ ತಿದ್ದುಪಡಿ ಇವತ್ತೇ ಹಾಕು, ಆನ್‌ಲೈನ್‌ದಾಗೇ ಆಗ್ತದ.