ಮಿರ್ಚಿ ಕಟ್ಟಿದ ಕಾಗದದಲ್ಲಿ ನಮ್ಮ ಗಿರಾಕಿಯ ಆಧಾರ್! ರದ್ದಿ ನನ್ನ ಅಂಗಡಿಯದೇ. ಏನು ಮಾಡಲಿ?

ಸಿಂಧನೂರು ಜೆರಾಕ್ಸ್

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಒಂಬತ್ತು ವರ್ಷ ಆಯಿತು. ಜೆರಾಕ್ಸ್, ಲ್ಯಾಮಿನೇಶನ್, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ, ಇಷ್ಟೇ ಕೆಲಸ.

ಹೋದ ಗುರುವಾರ ಸಂಜೆ ಹುಡುಗನ ಕೈಲಿ ಒಗ್ಗರಣಿ ಮಿರ್ಚಿ ತರಿಸಿದೆ. ತಿಂದು ಕಾಗದ ಎಸೆಯುವಾಗ ಅದರಲ್ಲೊಂದು ಮುಖ ಕಾಣಿಸಿತು. ಎಣ್ಣೆ ಹತ್ತಿತ್ತು, ಆದರೂ ಗುರುತು ಸಿಕ್ಕಿತು. ಪಕ್ಕದ ಹಳ್ಳಿಯ ಒಬ್ಬ ಅಕ್ಕ, ನಮ್ಮ ಗಿರಾಕಿ. 12 ಅಂಕಿಯ ಆಧಾರ್ ನಂಬರು, ಹುಟ್ಟಿದ ತಾರೀಖು, ಗಂಡನ ಹೆಸರು, ಊರು, ಎಲ್ಲ ಓದಲು ಬರುತ್ತಿತ್ತು. ಪಕ್ಕದಲ್ಲಿ ಉದ್ದಕ್ಕೆ ಒಂದು ಕರಿ ಗೆರೆ. ಆ ಗೆರೆ ನಮ್ಮ ಮಷೀನಿನದೇ. ಡ್ರಮ್ ಹಾಳಾಗಿದ್ದಾಗ ಪ್ರತಿ ಹಾಳೆಗೂ ಬರುತ್ತಿತ್ತು. ಕೆಟ್ಟ ಪ್ರತಿಗಳನ್ನು ಮೂಲೆಗೆ ಒಟ್ಟಿ, ಕೆಜಿ ಲೆಕ್ಕದಲ್ಲಿ ರದ್ದಿಗೆ ಹಾಕಿದವನು ನಾನೇ.

ಆ ರಾತ್ರಿ ಶಟರ್ ಇಳಿಸಿ ಕಂಪ್ಯೂಟರ್ ತೆಗೆದು ಕೂತೆ. ಜನ ವಾಟ್ಸಾಪಿಗೆ ಕಳಿಸಿದ್ದೆಲ್ಲ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹಾಗೇ ಇದೆ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಜಾತಿ ಆದಾಯ ಪ್ರಮಾಣಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು, ಒಬ್ಬರ ಆಸ್ಪತ್ರೆ ರಿಪೋರ್ಟು. ನಾಲ್ಕು ವರ್ಷದ್ದು. ನಾನು ಇವನ್ನು ಯಾರಿಗೂ ಮಾರಿಲ್ಲ, ಕೊಟ್ಟಿಲ್ಲ. ಆದರೆ ಈ ಕಂಪ್ಯೂಟರಿಗೆ ಪಾಸ್‌ವರ್ಡ್ ಇಲ್ಲ. ರಿಪೇರಿಗೆ ಎರಡು ಸಲ ಹೊರಗೆ ಕೊಟ್ಟಿದ್ದೇನೆ.

ಎಲ್ಲ ಅಳಿಸೋಣ ಅಂದರೆ ಇನ್ನೊಂದು ಸಂಕಟ. ಅರ್ಧಕ್ಕರ್ಧ ಜನ ಬಾಯಿಬಿಟ್ಟು ಹೇಳಿ ಹೋಗಿದ್ದಾರೆ: "ಇರಲಿ ಬಿಡಪ್ಪ ನಿನ್ನ ಹತ್ರ, ಮುಂದಿನ ವರ್ಷ ಮತ್ತೆ ಬೇಕಾಗ್ತದ." ಬೆಳೆ ವಿಮೆಗೆ, ಸ್ಕಾಲರ್‌ಶಿಪ್ಪಿಗೆ ಪ್ರತಿ ವರ್ಷ ಅದೇ ಕಾಗದ ಬೇಕು. ಮನೆಯಲ್ಲಿ ಇಟ್ಟರೆ ಇಲಿ ಕಡಿಯುತ್ತದೆ, ಮಳೆಗೆ ನೆನೆಯುತ್ತದೆ. ನಂಬಿ ಬಿಟ್ಟು ಹೋದದ್ದನ್ನು ಅಳಿಸಿದರೆ ಅವರಿಗೇ ತೊಂದರೆ ಅಲ್ವಾ? ಹೊಸ ಕಾಯ್ದೆಯಲ್ಲಿ 250 ಕೋಟಿ ದಂಡ ಅಂತಲೂ ಕೇಳಿದೆ. ತಿಳಿದವರು ದಾರಿ ಹೇಳಿ.

ಬಳ್ಳಾರಿ ವಕೀಲೆ

ಅಣ್ಣಾ, ಮೊದಲು ದಂಡದ ಭಯ ಬಿಡಿ. 250 ಕೋಟಿ ಎನ್ನುವುದು ಮೇಲಿನ ಮಿತಿ. ತಪ್ಪು ಎಷ್ಟು ದೊಡ್ಡದು, ಎಷ್ಟು ದಿನ ನಡೆಯಿತು, ಸರಿಪಡಿಸಲು ಏನು ಮಾಡಿದಿರಿ, ಇದನ್ನೆಲ್ಲ ನೋಡಿಯೇ ದಂಡ ಹಾಕಬೇಕು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ವ್ಯವಹಾರ ಮಾಡುವವರ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ಬರೀ ಕಾಗದದಲ್ಲಿ ಇರುವುದು ಈ ಕಾಯ್ದೆಗೆ ಬರುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಇರುವುದು ಬರುತ್ತದೆ.

"ಇರಲಿ ಬಿಡಪ್ಪ" ಎಂದದ್ದು ಒಪ್ಪಿಗೆಯೇ? ಪೂರ್ತಿ ಅಲ್ಲ. ಏನು ಇಟ್ಟುಕೊಳ್ಳುತ್ತೀರಿ, ಯಾವ ಕೆಲಸಕ್ಕೆ ಎಂದು ಸರಳವಾಗಿ ತಿಳಿಸಿ ಆಮೇಲೆ ಒಪ್ಪಿಗೆ ಕೇಳಬೇಕು. ಕನ್ನಡದಲ್ಲಿ ಬೇಕೆಂದರೆ ಕನ್ನಡದಲ್ಲೇ ತಿಳಿಸಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು. 18 ವರ್ಷದೊಳಗಿನ ಮಕ್ಕಳದ್ದಾದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಕೆಲಸ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೋ ಎನ್ನದಿದ್ದರೆ, ಅಳಿಸಬೇಕು.

ಇದು ದಿಲ್ಲಿಯವರ ತಲೆನೋವು ಅಂತ ನಮ್ಮ ಕಡೆ ಜಾಸ್ತಿ ಜನ ತಿಳಿದಿದ್ದಾರೆ. ಆಧಾರ್ ವಿಚಾರವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಹಕ್ಕು ನಿಮ್ಮ ಹಳ್ಳಿಯ ಅಕ್ಕನಿಗೂ ಇದೆ.

ಮತ್ತೆ ಒಂದು ಮಾತು. ಮಾಹಿತಿ ಸೋರಿದರೆ ಆ ವ್ಯಕ್ತಿಗೇ ತಿಳಿಸಬೇಕು ಎಂಬುದೂ ಕಾಯ್ದೆಯಲ್ಲಿದೆ. ನಿಮ್ಮದು ಕಾಗದ ಇರಬಹುದು. ಆದರೂ ಅವರಿಗೆ ಹೇಳಿ.

ಗಂಗಾವತಿಯವನು

ಅಣ್ಣಾ, ನೀವು ಇಷ್ಟು ಯೋಚನೆ ಮಾಡಿದ್ದೇ ನನಗೆ ಸಮಾಧಾನ. ನಮ್ಮ ಅವ್ವನ ಕಥೆ ಕೇಳಿ. ಅವ್ವನಿಗೆ ಇರುವುದು ಒಂದೇ ಬಟನ್ ಫೋನು. ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ತೋರಿಸುವ ಸರ್ಕಾರದ ಸಂಚಾರ್ ಸಾಥಿ ತೆಗೆದು ನೋಡಿದರೆ ಅವಳ ಹೆಸರಲ್ಲಿ ಮೂರು ಸಿಮ್ಮು. ಎಲ್ಲಿ ಕೊಟ್ಟ ಜೆರಾಕ್ಸ್ ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಾಗಿಲ್ಲ. ಎರಡು ನಂಬರನ್ನು ನಮ್ಮದಲ್ಲ ಎಂದು ಅದರಲ್ಲೇ ಬರೆದು ಹಾಕಿದೆ. ಅವ್ವ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಪೊಲೀಸರು ಬರ್ತಾರೇನೋ ಅಂತ.

ಆ ಅಕ್ಕನ ಹೆಸರಲ್ಲೂ ಒಮ್ಮೆ ನೋಡಿ. ಅವರು ಒಪ್ಪಿದರೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಡಿ, ಆಗ ಅವರ ಬೆರಳಚ್ಚು ಆಧಾರ್‌ನಲ್ಲಿ ನಡೆಯುವುದಿಲ್ಲ. ಬೆರಳು ಒತ್ತುವ ಕೆಲಸ ಬಂದಾಗ ಆ ಲಾಕ್ ತೆಗೆಯಲು ಬರುತ್ತದೆ, ಅದನ್ನು ಅವರಿಗೆ ಮರೆಯದೆ ಹೇಳಿ. ಇಲ್ಲದಿದ್ದರೆ ರೇಷನ್ ಅಂಗಡಿಯಲ್ಲಿ ನಿಂತು ಪರದಾಡುತ್ತಾರೆ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೂಡ ಸಿಗುತ್ತದೆ. ಅದು ನಡೆಯುವ ಕಡೆ ಅದನ್ನೇ ಪ್ರಿಂಟ್ ಮಾಡಿ ಕೊಡಿ.

ಕೌಲ್ ಬಜಾರ್ ಜೀನ್ಸ್

ನಾನು ಬಳ್ಳಾರಿಯಲ್ಲಿ ಜೀನ್ಸ್ ಅಂಗಡಿಯವನು. ಬಿಲ್ ಮಾಡುವಾಗ ಎಲ್ಲರ ಮೊಬೈಲ್ ನಂಬರ್ ಬರೆಸಿಕೊಳ್ಳುತ್ತಿದ್ದೆ. ನಂಬರ್ ಕೊಡದಿದ್ದರೆ ಬಿಲ್ ಇಲ್ಲ ಅನ್ನಬಾರದು ಎಂದು 2023ರಲ್ಲೇ ಕೇಂದ್ರದ ಗ್ರಾಹಕ ಇಲಾಖೆ ಹೇಳಿತ್ತು. ಈಗ ಕೇಳುವುದನ್ನೇ ಬಿಟ್ಟಿದ್ದೇನೆ. ವ್ಯಾಪಾರ ಕಡಿಮೆಯಾಗಿಲ್ಲ. ಹಳೇ ಲಿಸ್ಟ್ ಕೊಡಿ, ದುಡ್ಡು ಕೊಡುತ್ತೇನೆ ಎಂದು ಒಬ್ಬ ಬಂದಿದ್ದ. ಕೊಡಲಿಲ್ಲ. ಆ ನಂಬರುಗಳಲ್ಲಿ ಹೆಣ್ಣುಮಕ್ಕಳದ್ದು ಎಷ್ಟೋ ಇದ್ದವು.

ನಿಮಗೆ ಒಂದು ಕಿವಿಮಾತು. ದೊಡ್ಡ ಜೆರಾಕ್ಸ್ ಮಷೀನುಗಳಲ್ಲಿ ಒಳಗೇ ಹಾರ್ಡ್ ಡಿಸ್ಕ್ ಇರುತ್ತದೆ, ತೆಗೆದ ಪ್ರತಿ ಅದರಲ್ಲಿ ಉಳಿಯಬಹುದು. ಹಳೇ ಮಷೀನ್ ಮಾರುವ ಮುಂಚೆ ಅದನ್ನು ಅಳಿಸಿಸಿ.

ಸಿಂಧನೂರು ಜೆರಾಕ್ಸ್

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಈ ವಾರ ಮಾಡಿದ್ದನ್ನು ಹೇಳುತ್ತೇನೆ.

ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದೆ. ವಾಟ್ಸಾಪಿನಲ್ಲಿ ಬಂದದ್ದು 24 ಗಂಟೆಗೆ ತಾನೇ ಹೋಗುವ ಹಾಗೆ ಇಟ್ಟೆ. ಇಳಿಸಿಕೊಂಡ ಫೈಲನ್ನು ಗಿರಾಕಿ ಎದ್ದು ಹೋಗುವ ಮುಂಚೆ ಅಳಿಸುತ್ತೇನೆ, ರಿಸೈಕಲ್ ಬಿನ್‌ನಿಂದಲೂ. ಕೆಟ್ಟ ಪ್ರತಿಗಳನ್ನು ಹರಿದು ಬಕೆಟ್ ನೀರಿನಲ್ಲಿ ನೆನೆಹಾಕುತ್ತೇವೆ. ಅಂಗಡಿ ಹುಡುಗನಿಗೆ ಕಾರಣ ಹೇಳಿದ ಮೇಲೆ ಅವನೇ ಮುತುವರ್ಜಿಯಿಂದ ಮಾಡುತ್ತಿದ್ದಾನೆ. ಸ್ಮಾರ್ಟ್ ಫೋನ್ ಇದ್ದವರಿಗೆ ಡಿಜಿಲಾಕರ್, ಅಂದರೆ ಕಾಗದಪತ್ರ ಫೋನಿನಲ್ಲೇ ಸಿಗುವ ಸರ್ಕಾರದ ಆ್ಯಪ್, ಮಾಡಿಕೊಡುತ್ತಿದ್ದೇನೆ. ಇಲ್ಲದವರಿಗೆ ಇನ್ನೂ ಸರಿಯಾದ ದಾರಿ ಸಿಕ್ಕಿಲ್ಲ. ಸದ್ಯಕ್ಕೆ ಎಲ್ಲದರ ಎರಡೆರಡು ಪ್ರಿಂಟು ತೆಗೆದು, ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತಿದ್ದೇನೆ. ಅದಕ್ಕೆ ದುಡ್ಡು ತಗೊಳ್ಳುತ್ತಿಲ್ಲ.

ಆ ಅಕ್ಕ ಸೋಮವಾರ ಪಹಣಿಗೆ ಬಂದಿದ್ದರು. ಆ ಕಾಗದವನ್ನು ಡ್ರಾಯರಿನಲ್ಲಿ ಇಟ್ಟಿದ್ದೆ. ತೆಗೆದು ಕೈಗೆ ಕೊಟ್ಟು, ಎಲ್ಲಿ ಸಿಕ್ಕಿತು, ತಪ್ಪು ಯಾರದು, ಎಲ್ಲ ಹೇಳಿದೆ. ಕೈ ನಡುಗುತ್ತಿತ್ತು. ಬೈಯುತ್ತಾರೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ತಮ್ಮ ಫೋಟೋನೇ ನೋಡುತ್ತಾ ನಿಂತರು. ಆಮೇಲೆ ಕೇಳಿದರು: "ನನ್ನ ಮಗಳದ್ದೂ ಐತೇನಪ್ಪ ಇದರಾಗ?"

ಹುಡುಕಿದೆ. ಇತ್ತು. ಒಂಬತ್ತನೇ ತರಗತಿಯಲ್ಲಿದ್ದಾಗ ಸ್ಕಾಲರ್‌ಶಿಪ್ಪಿಗೆ ಕೊಟ್ಟ ಫೋಟೋ, ಆಧಾರ್, ಪಾಸ್‌ಬುಕ್ಕು. ಅವರನ್ನು ಒಳಗೆ ಕರೆದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಒಂದೊಂದನ್ನೂ ತೆಗೆದು ತೋರಿಸಿ, ಪ್ರಿಂಟು ತೆಗೆದು ಕವರಿನಲ್ಲಿ ಹಾಕಿ, ಅವರ ಕಣ್ಣ ಮುಂದೆಯೇ ಅಳಿಸಿದೆ. ಕೊನೆಯದು ಹೋಗುವವರೆಗೂ ಅವರು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. ನಾಳೆ ಅವರ ಓಣಿಯ ಇನ್ನಿಬ್ಬರು ಬರುತ್ತಾರಂತೆ, ತಮ್ಮದನ್ನೂ ನೋಡಲು.