ಪದಚರ್ಚೆ: ‘ಲೆವಿ’ಗೆ ಕನ್ನಡದಲ್ಲಿ ಏನನ್ನೋಣ? ‘ವಂತಿಗೆ’ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡಿದೆ. ಬಿಡಿಸಿಕೊಡಿ ಎಂದು ಕೇಳಲು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು.

ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ. ಸಿಯಾಟಲ್ ಇರುವುದು ಇಲ್ಲೇ. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆ ಅಂದುಕೊಳ್ಳಿ. ಮಂಡ್ಯದ ಕಡೆಯಿಂದ ಅಪ್ಪ ಬಂದಿದ್ದಾರೆ. ಮೊನ್ನೆ ಮನೆ ಕಂದಾಯದ ಕಾಗದ ಮೇಜಿನ ಮೇಲೆ ಬಿದ್ದಿತ್ತು. ಶಾಲೆಗೆ ಇಷ್ಟು, ಲೈಬ್ರರಿಗೆ ಇಷ್ಟು, ಬಂದರಿಗೆ ಇಷ್ಟು ಎಂದು ಅದರಲ್ಲಿ ಬಿಡಿಬಿಡಿಯಾಗಿ ಬರೆದಿರುತ್ತಾರೆ. ತುರ್ತು ವೈದ್ಯಕೀಯ ಸೇವೆಗೂ ಒಂದು ಸಾಲು ಇತ್ತು. ಅದೇನು ಎಂದು ಅಪ್ಪ ಕೇಳಿದರು.

“ಅದು ಆಂಬುಲೆನ್ಸ್ ಲೆವಿ ಅಪ್ಪ” ಅಂದೆ.

ಕನ್ನಡಕ ತೆಗೆದು ನನ್ನ ಮುಖ ನೋಡಿದರು. “ಇಲ್ಲೂ ಲೆವಿ ಇದೆಯೇನೋ?”

ಅವರ ದನಿಯಲ್ಲಿದ್ದದ್ದು ಅಚ್ಚರಿಯಲ್ಲ, ಹಳೆಯ ಹೆದರಿಕೆ. ಭತ್ತ ಬೆಳೆಯುವ ಕಡೆಯ ಹಿರಿಯರಿಗೆ ‘ಲೆವಿ’ ಎಂದರೆ ಏನು ಎಂದು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಬೆಳೆದ ಭತ್ತದಲ್ಲಿ ಇಷ್ಟನ್ನು ಸರ್ಕಾರಕ್ಕೆ, ಸರ್ಕಾರ ಹೇಳಿದ ಬೆಲೆಗೆ ಕೊಡಲೇಬೇಕು. ಕೊಡದಿದ್ದರೆ ಶೇಕದಾರರು ಮನೆಗೆ ಬರುತ್ತಾರೆ. ಭತ್ತವನ್ನು ಎಲ್ಲೆಲ್ಲಿ ಬಚ್ಚಿಡುತ್ತಿದ್ದರು ಎಂದು ಅಪ್ಪ ಹೇಳಲು ಶುರು ಮಾಡಿದರೆ ಒಂದು ಸಂಜೆ ಸಾಲದು. ಆಮೇಲೆ ಆ ಪದ ರೈತನ ಮನೆಯಿಂದ ಗಿರಣಿಗೆ ಹೋಯಿತು. ಅಕ್ಕಿ ಗಿರಣಿಯವರು ಲೆವಿ ಅಕ್ಕಿ ಕೊಡಬೇಕಿತ್ತು, ಸಕ್ಕರೆ ಕಾರ್ಖಾನೆಯವರು ಲೆವಿ ಸಕ್ಕರೆ ಕೊಡಬೇಕಿತ್ತು. ಸಕ್ಕರೆಯದು 2013ರಲ್ಲಿ ನಿಂತಿತು, ಅಕ್ಕಿಯದು 2015ರಲ್ಲಿ. ಪದ್ಧತಿ ಹೋಯಿತು, ಪದ ಮಾತ್ರ ಹಿರಿಯರ ಬಾಯಲ್ಲಿ ಉಳಿದಿದೆ. ಅದೂ ಕಹಿಯಾಗಿ.

ನನ್ನ ತೊಂದರೆ ಇರುವುದು ಇಲ್ಲಿಯೇ. ಕನ್ನಡಕ್ಕೆ ‘ಲೆವಿ’ ಆಗಲೇ ಬಂದು ಕೂತಿದೆ, ಆದರೆ ಬೇರೆ ಅರ್ಥ ಹೊತ್ತುಕೊಂಡು. ಇಲ್ಲಿಯ ಲೆವಿ ಅದಕ್ಕೆ ಹೆಚ್ಚುಕಡಿಮೆ ತಿರುವುಮುರುವು: ನಾನು ಹೇಳುತ್ತಿರುವುದು ಜನರ ಮತ ಕೇಳಿ, ಅವರು ಒಪ್ಪಿದ ಮೇಲೆ ಹಾಕುವ ತೆರಿಗೆ.

ಇಲ್ಲಿಯ ಕಥೆ ಹೇಳಿಬಿಡುತ್ತೇನೆ. 1970ರಲ್ಲಿ ಸಿಯಾಟಲ್‌ನಲ್ಲಿ ಡಾ. ಲಿಯೊನಾರ್ಡ್ ಕಾಬ್ ಎಂಬ ಹೃದಯದ ಡಾಕ್ಟರೂ ಗೋರ್ಡನ್ ವಿಕರಿ ಎಂಬ ಅಗ್ನಿಶಾಮಕ ದಳದ ಮುಖ್ಯಸ್ಥರೂ ಸೇರಿ ಒಂದು ಪ್ರಯೋಗ ಮಾಡಿದರು. ಬೆಂಕಿ ಆರಿಸುವವರಿಗೇ ಹೃದಯ ನಿಂತವರನ್ನು ನೋಡಿಕೊಳ್ಳುವುದನ್ನು ಕಲಿಸಿ, ಗಾಡಿ ಕೊಟ್ಟು ಕಳಿಸಿದರು. ರೋಗಿ ಆಸ್ಪತ್ರೆಗೆ ಬರುವ ತನಕ ಕಾಯದೆ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಲಿ ಎಂಬ ಲೆಕ್ಕ. ಅದರ ಹೆಸರು ‘ಮೆಡಿಕ್ ಒನ್’. ಮೊದಲ ಗಾಡಿ ಎಷ್ಟು ದಪ್ಪವಿತ್ತೆಂದರೆ ಜನ ಅದನ್ನು ‘ಮೋಬಿ ಪಿಗ್’ ಎಂದು ಕರೆದರು. ‘ಮೋಬಿ ಡಿಕ್’ ಕಾದಂಬರಿಯ ತಿಮಿಂಗಿಲ ಆಗಬೇಕಾದದ್ದು ಹಂದಿಯಾಯಿತು.

ಇದನ್ನು ಇಡೀ ಕೌಂಟಿಗೆ ನಡೆಸಲು ದುಡ್ಡು ಬೇಕಲ್ಲ. 1979ರಲ್ಲಿ ಜನರನ್ನೇ ಕೇಳಿದರು: ನಿಮ್ಮ ಮನೆ, ಜಮೀನಿನ ಬೆಲೆಯ ಮೇಲೆ ಇಷ್ಟು ಹಾಕಿಕೊಳ್ಳುತ್ತೀರಾ? ಜನ ಹೂಂ ಅಂದರು. ಅಂದಿನಿಂದ ಕೆಲವು ವರ್ಷಕ್ಕೊಮ್ಮೆ, ಈಚೆಗೆ ಆರು ವರ್ಷಕ್ಕೊಮ್ಮೆ, ಮತ್ತೆ ಮತ್ತೆ ಕೇಳುತ್ತಾರೆ. ರಾಜ್ಯದ ಕಾನೂನಿನ ಪ್ರಕಾರ ಈ ಸೇವೆಗೆ ಸಾವಿರ ಡಾಲರ್ ಬೆಲೆಗೆ 50 ಸೆಂಟ್‌ಗಿಂತ ಜಾಸ್ತಿ ಹಾಕುವಂತಿಲ್ಲ. ಕಿಂಗ್ ಕೌಂಟಿಯಲ್ಲಿ 2014ರಲ್ಲಿ ಸಾವಿರಕ್ಕೆ 33.5 ಸೆಂಟ್ ಇತ್ತು. 2020ರಲ್ಲಿ 26.5 ಆಯಿತು. 2025ರ ನವೆಂಬರ್‌ನಲ್ಲಿ ಮತ್ತೆ ಮತಕ್ಕೆ ಹಾಕಿದರು, 2026ರಿಂದ 25 ಸೆಂಟ್. ಎಂಟು ಲಕ್ಷ ಡಾಲರ್ ಬೆಲೆಯ ಮನೆಗೆ ವರ್ಷಕ್ಕೆ 200 ಡಾಲರ್. ಇಲ್ಲಿ ಎಂಟು ಲಕ್ಷದ ಮನೆ ಎಂದರೆ ಬಂಗಲೆಯೇನಲ್ಲ, ಅದು ಬೇರೆ ದುಃಖ.

1997ರಲ್ಲಿ ಒಂದು ತಮಾಷೆಯೂ ಆಯಿತು. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ‘ಬೇಕು’ ಅಂದರು, ಆದರೂ ಲೆವಿ ಬಿದ್ದುಹೋಯಿತು. ಆಗ ನೂರಕ್ಕೆ 60 ಮತ ಬೇಕೇ ಬೇಕಿತ್ತು. 1998ರ ಫೆಬ್ರವರಿಯಲ್ಲಿ ಮತ್ತೆ ಕೇಳಿ, ಮೂರು ವರ್ಷಕ್ಕೆ ಮಾತ್ರ ಒಪ್ಪಿಗೆ ತೆಗೆದುಕೊಂಡರು. 2012ರಲ್ಲಿ ಕಾನೂನು ಬದಲಾಯಿತು. ಹೊಸದಾಗಿ ಹಾಕುವುದಾದರೆ 60 ಬೇಕು, ಇದ್ದದ್ದನ್ನು ಮುಂದುವರಿಸಲು ಬರೀ ಬಹುಮತ ಸಾಕು. (ಈ 60ಕ್ಕೆ ‘ವಿಶೇಷ ಬಹುಮತ’ ಎನ್ನುವುದು ರೂಢಿ. ‘ಐದಕ್ಕೆ ಮೂರು ಪಾಲು’ ಅಂದರೆ ಅಪ್ಪನಿಗೆ ತಟ್ಟನೆ ತಿಳಿಯಿತು.)

ಈಗ ಪದಕ್ಕೆ ಬರೋಣ. ಇಲ್ಲಿಯ ಪ್ರಜೆಗಳಾಗಿ ಮತ ಹಾಕುವ ಕನ್ನಡದ ಹಿರಿಯರು ಒಂದಷ್ಟು ಜನ ಇದ್ದಾರೆ. ಮತಪತ್ರ ಅಂಚೆಯಲ್ಲಿ ಮನೆಗೆ ಬರುತ್ತದೆ. ವಿವರದ ಪುಸ್ತಕ ಸ್ಪ್ಯಾನಿಷ್, ಚೀನಿ, ಸೊಮಾಲಿಯಲ್ಲೆಲ್ಲ ಸಿಗುತ್ತದೆ, ಕನ್ನಡದಲ್ಲಿ ಸಿಗುವುದಿಲ್ಲ. ಆಂಬುಲೆನ್ಸಿನದು ಮತ್ತೆ ಬರುವುದು 2031ರ ಹೊತ್ತಿಗೆ. ಆದರೆ ಶಾಲೆಯ ಲೆವಿ, ಲೈಬ್ರರಿ ಲೆವಿ, ಅಗ್ನಿಶಾಮಕದ ಲೆವಿ ಬರುತ್ತಲೇ ಇರುತ್ತವೆ. ಅವರಿಗಾಗಿ ಒಂದೆರಡು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಕೈ ನಿಂತಿದೆ.

‘ಕಂದಾಯ’ ಅನ್ನಬಹುದೇ? ಹಳೇ ಮೈಸೂರಿನವರಿಗೆ ‘ಮನೆ ಕಂದಾಯ’ ಬಾಯಿಗೆ ಒಗ್ಗಿದ ಮಾತು. ಆಸ್ತಿ ತೆರಿಗೆ ಎನ್ನುವುದು ರಸೀದಿಯ ಭಾಷೆ. ಕಂದಾಯಕ್ಕೆ ಕಂತು ಎನ್ನುವ ಹಳೆಯ ಅರ್ಥವೂ ಇದೆ. ಪಂಚಾಂಗದ ‘ಕಂದಾಯ ಫಲ’ ನೋಡಿದವರಿಗೆ ಗೊತ್ತು, ನಾಲ್ಕು ನಾಲ್ಕು ತಿಂಗಳಿಗೆ ಒಂದರಂತೆ ವರ್ಷಕ್ಕೆ ಮೂರು ಕಂದಾಯ. ಇಲ್ಲಿ ಏಪ್ರಿಲ್ ಕೊನೆಗೊಂದು, ಅಕ್ಟೋಬರ್ ಕೊನೆಗೊಂದು, ಎರಡು ಕಂತು. ಚೆನ್ನಾಗಿ ಕೂರುತ್ತದೆ. ಆದರೆ ಇಡೀ ಕಾಗದಕ್ಕೇ ಕಂದಾಯ ಎಂದ ಮೇಲೆ ಅದರೊಳಗಿನ ಒಂದು ಸಾಲಿಗೆ ಏನನ್ನುವುದು?

‘ಸೆಸ್’ ಎಂದು ಒಬ್ಬ ಗೆಳೆಯರು ಸೂಚಿಸಿದರು. ಮೇಲುನೋಟಕ್ಕೆ ಸರಿ. ನಮ್ಮ ಬೆಂಗಳೂರಿನ ಆಸ್ತಿ ತೆರಿಗೆಯಲ್ಲೂ ತೆರಿಗೆಯ ನೂರಕ್ಕೆ 15 ಆರೋಗ್ಯಕ್ಕೆ, 6 ಗ್ರಂಥಾಲಯಕ್ಕೆ, 3 ಭಿಕ್ಷುಕರ ಪುನರ್ವಸತಿಗೆ ಎಂದು ಸೆಸ್ ಸೇರುತ್ತದೆ. ಹಾಗೆ ನೋಡಿದರೆ ಆರೋಗ್ಯಕ್ಕೆ ಮನೆಯ ಮೇಲೆ ದುಡ್ಡು ಎತ್ತುವುದು ನಮಗೇನೂ ಹೊಸದಲ್ಲ. ಆದರೆ ಸೆಸ್ ಎಂದರೆ ತೆರಿಗೆಯ ಮೇಲೆ ತೆರಿಗೆ. ಇದು ಹಾಗಲ್ಲ, ಮನೆಯ ಬೆಲೆಯ ಮೇಲೆ ನೇರವಾಗಿ ಬೀಳುತ್ತದೆ. ಮತ್ತೆ ಸೆಸ್ ಹಾಕುವಾಗ ನಮ್ಮನ್ನು ಯಾರು ಕೇಳಿದ್ದರು? ‘ಉಪಕರ’ ಎಂಬ ಅನುವಾದವಂತೂ ಬೇಡವೇ ಬೇಡ. ಒಂದು ದೀರ್ಘ ತಪ್ಪಿ ಬಿದ್ದರೆ ‘ಆರೋಗ್ಯ ಉಪಕಾರ’ ಆಗುತ್ತದೆ.

‘ತೆರಿಗೆ’ ನನಗೆ ಇಷ್ಟದ ಪದ. ತೆರು ಎಂದರೆ ಕೊಡು, ಸಲ್ಲಿಸು. ದಂಡ ತೆರುತ್ತೇವೆ, ಬೆಲೆ ತೆರುತ್ತೇವೆ. ಅಂದರೆ ತೆರಿಗೆ ಕೊಡುವವನ ಕಡೆ ನಿಂತು ಹುಟ್ಟಿದ ಪದ. ಲೆವಿ ಎತ್ತುವವನ ಕಡೆಯದು. ಅದರ ಬೇರು ಫ್ರೆಂಚಿನಲ್ಲಿದೆ, ಎತ್ತುವುದು ಎಂದೇ ಅರ್ಥ. ಇಲ್ಲಿ ನನಗೆ ಖುಷಿಯಾಯಿತು. ನಾವೂ ಚಂದಾ ಎತ್ತುತ್ತೇವೆ, ಪಟ್ಟಿ ಎತ್ತುತ್ತೇವೆ, ವಂತಿಗೆ ಎತ್ತುತ್ತೇವೆ. ಎಲ್ಲೋ ಫ್ರಾನ್ಸಿನವರಿಗೂ ನಮಗೂ ಒಂದೇ ಕ್ರಿಯಾಪದ ಹೊಳೆದಿದೆ. ಹಾಗಾದರೆ ‘ಎತ್ತುವಳಿ’ ಅನ್ನೋಣವೇ? ಬೇರಿನ ಲೆಕ್ಕದಲ್ಲಿ ಅದಕ್ಕಿಂತ ಸರಿಯಾದದ್ದಿಲ್ಲ. ಆದರೆ ಈಗ ಎತ್ತುವಳಿ ಎಂದರೆ ರೌಡಿಗಳ ಮಾಮೂಲು ನೆನಪಾಗುತ್ತದೆ. ಆಂಬುಲೆನ್ಸ್ ಎತ್ತುವಳಿ! ಯಾರು ಮತ ಹಾಕುತ್ತಾರೆ ಹೇಳಿ.

ನನ್ನ ಮನಸ್ಸು ವಾಲಿರುವುದು ‘ವಂತಿಗೆ’ಯ ಕಡೆಗೆ. ವಂತು ಎಂದರೆ ಪಾಲು. ಅವರವರ ಪಾಲಿನದು ವಂತಿಗೆ. ಚಂದಾ ಆದರೆ ಕೊಟ್ಟರೆ ಕೊಡಬಹುದು, ಬಿಟ್ಟರೆ ಬಿಡಬಹುದು. ವಂತಿಗೆ ಹಾಗಲ್ಲ. ನಮ್ಮೂರ ಮಾರಿಹಬ್ಬಕ್ಕೆ ಮುಂಚೆ ಗುಡಿಯ ಜಗಲಿಯಲ್ಲಿ ಊರಿನವರು ಸೇರುತ್ತಾರೆ. ಮನೆಗೆ ಇಷ್ಟು ಎಂದು ಮಾತಾಗುತ್ತದೆ. ಒಬ್ಬರು ಜಾಸ್ತಿಯಾಯಿತು ಅನ್ನುತ್ತಾರೆ, ಒಬ್ಬರು ಹೋದ ಸಲದ ಲೆಕ್ಕ ಕೊಡಿ ಅನ್ನುತ್ತಾರೆ. ಕೊನೆಗೆ ಒಂದು ಮೊತ್ತ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಬೇಡ ಎಂದವನೂ ಕೊಡಲೇಬೇಕು. ಕೆರೆ ಏರಿ ರಿಪೇರಿಗೆ ಎಕರೆಗೆ ಇಷ್ಟು ಎಂದು ಹಾಕಿದ್ದೂ ಇದೆ ಎಂದು ಅಪ್ಪ ಹೇಳುತ್ತಾರೆ. ಆಸ್ತಿ ಹೆಚ್ಚಿದ್ದವನಿಗೆ ಹೆಚ್ಚು. ಇಲ್ಲಿಯ ಲೆವಿಯೂ ಇದೇ ತಾನೆ? ಹಾಕುವ ಮುಂಚೆ ನಮ್ಮಿಷ್ಟ, ಹಾಕಿದ ಮೇಲೆ ಕಡ್ಡಾಯ. ಈ ಎರಡೂ ಒಟ್ಟಿಗೆ ಇರುವ ಪದ ಕನ್ನಡದಲ್ಲಿ ನನಗೆ ಬೇರೆ ಸಿಕ್ಕಿಲ್ಲ.

ಅಡ್ಡಿಗಳೂ ಇವೆ. ಪತ್ರಿಕೆಗಳಲ್ಲಿ ‘ವಂತಿಗೆ ಹಾವಳಿ’ ಎಂದರೆ ಶಾಲೆಯವರ ಡೊನೇಷನ್. ಇನ್ನೊಂದು ಕಡೆ ಪಿಎಫ್ ವಂತಿಗೆ ಎನ್ನುತ್ತೇವೆ, ಅದು ಸಂಬಳದಲ್ಲೇ ಮುರಿದುಹೋಗುತ್ತದೆ, ಅದರಲ್ಲಿ ಹಾವಳಿಯ ವಾಸನೆ ಇಲ್ಲ. ಹಾಗಾಗಿ ಪದ ಇನ್ನೂ ಪೂರ್ತಿ ಕೆಟ್ಟಿಲ್ಲ ಎಂದು ನನ್ನ ಲೆಕ್ಕ.

ಆಮೇಲೆ ಅಪ್ಪ ಒಂದು ಪ್ರಶ್ನೆ ಕೇಳಿದರು. “ನೀನು ಮತ ಹಾಕಿದ್ಯಾ?” ಇಲ್ಲ. ನಾನಿನ್ನೂ ಇಲ್ಲಿಯ ಪ್ರಜೆಯಲ್ಲ. ಮನೆ ಇದೆ, ಕಂದಾಯ ಕಟ್ಟುತ್ತೇನೆ, ಮತ ಇಲ್ಲ. “ಹಾಗಾದ್ರೆ ಅವರಿಗೆ ವಂತಿಗೆ, ನಿನಗೆ ಲೆವೀನೇ” ಅಂದರು. ನಾನು ಟಿಪ್ಪಣಿಯಲ್ಲಿ ‘ನಾವೇ ಒಪ್ಪಿ ಹಾಕಿಕೊಂಡ ತೆರಿಗೆ’ ಎಂದು ಬರೆದಿದ್ದೆ. ಆ ‘ನಾವು’ ಯಾರು? ತುಳುವಿನಲ್ಲಾಗಿದ್ದರೆ ‘ನಮ’ ಅಂದರೆ ಕೇಳುವವನೂ ಸೇರಿ, ‘ಎಂಕುಳು’ ಅಂದರೆ ಅವನನ್ನು ಬಿಟ್ಟು. ತೆಲುಗಿನಲ್ಲಿ ‘ಮನಂ’, ‘ಮೇಮು’ ಇವೆ. ನಮ್ಮ ಕನ್ನಡದ ‘ನಾವು’ ಎಲ್ಲರನ್ನೂ ಒಂದೇ ಚಾಪೆ ಮೇಲೆ ಕೂರಿಸುತ್ತದೆ. ಈಗ ‘ಮತದಾರರು ಒಪ್ಪಿದ’ ಎಂದು ತಿದ್ದಿದ್ದೇನೆ. ಸಪ್ಪೆ, ಆದರೆ ಸುಳ್ಳಲ್ಲ.

ಜೊತೆಗೆ ಇನ್ನೆರಡು ಪುಟ್ಟ ತಕರಾರು.

ಒಂದು, ಪ್ಯಾರಾಮೆಡಿಕ್, ಅಂದರೆ ಗಾಡಿಯಲ್ಲಿ ಬಂದು ಅಲ್ಲೇ ಚಿಕಿತ್ಸೆ ಮಾಡುವವರು. ಪತ್ರಿಕೆಗಳ ‘ಅರೆವೈದ್ಯಕೀಯ ಸಿಬ್ಬಂದಿ’ ನನಗೆ ಸುತರಾಂ ಒಗ್ಗುವುದಿಲ್ಲ. ಅರೆ ಎಂದ ಕೂಡಲೇ ಅರೆಬೆಂದ ಅನ್ನ ಕಣ್ಣಿಗೆ ಬರುತ್ತದೆ. ಇಲ್ಲಿ ಆ ಕೆಲಸಕ್ಕೆ 2,000 ಗಂಟೆಗೂ ಜಾಸ್ತಿ ತರಬೇತಿ ಇದೆ. ನಮ್ಮಲ್ಲಿ ‘ಪ್ಯಾರಾಮೆಡಿಕಲ್ ಓದ್ತಿದ್ದಾಳೆ’ ಅಂದರೆ ಲ್ಯಾಬು, ಎಕ್ಸ್‌ರೇ ಅಂತ ಅರ್ಥ. ‘108ರವರು’ ಅಂದರೆ ಎಲ್ಲರಿಗೂ ತಿಳಿಯುತ್ತದೆ. 2008ರಲ್ಲಿ ಬಂದ ಆ ಸೇವೆಗೆ ಜನ ನಂಬರನ್ನೇ ಹೆಸರು ಮಾಡಿಕೊಂಡರು. “108 ಬಂತಾ?” ಅನ್ನುತ್ತೇವೆ. ಇಲ್ಲಿ ಕರೆ ಮಾಡುವುದು 911ಕ್ಕೆ. ಆದರೆ 911 ಬಂತಾ ಎಂದು ಯಾರೂ ಕೇಳುವುದಿಲ್ಲ.

ಇದು ಬರೀ ಪದದ ಮಾತಲ್ಲ. ಪರಿಚಯದವರೊಬ್ಬರ ತಾಯಿಗೆ ತಲೆಸುತ್ತು ಬಂದು 911ಕ್ಕೆ ಕರೆದರು. ಅಗ್ನಿಶಾಮಕದವರು ಬಂದು ನೋಡಿದರು, ಅದಕ್ಕೆ ಬಿಲ್ ಇಲ್ಲ, ಅದು ಲೆವಿಯ ದುಡ್ಡು. ಅಷ್ಟೇನೂ ಗಂಭೀರವಲ್ಲ ಎಂದು ಖಾಸಗಿ ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಕಳಿಸಿದರು. ತಿಂಗಳಾದ ಮೇಲೆ ಆ ಆಂಬುಲೆನ್ಸಿನ ದೊಡ್ಡ ಬಿಲ್ ಬಂತು. “ಕಂದಾಯದಲ್ಲಿ ಕಟ್ಟಿದ್ದೀವಲ್ಲ, ಮತ್ತೆ ಇದೇನು?” ಎಂದು ಅವರ ಜಗಳ. ‘ಆಂಬುಲೆನ್ಸ್ ಲೆವಿ’ ಎಂದು ನಾನೇ ಅವರಿಗೆ ಹೇಳಿಕೊಟ್ಟಿದ್ದು. ಅಲ್ಲಿ ತಪ್ಪಿದ್ದು ಆಂಬುಲೆನ್ಸ್ ಎಂಬ ಪದ. ಲೆವಿ ಕೊಡುವುದು ಬಂದು ಚಿಕಿತ್ಸೆ ಮಾಡುವವರಿಗೆ. ಬರುವ ಪ್ರತಿ ಗಾಡಿಗೂ ಅಲ್ಲ.

ಎರಡು, ಮಿಲ್. ಒಹಾಯೊ, ಮಿಷಿಗನ್ ಕಡೆ ಇದೇ ತೆರಿಗೆಯನ್ನು ಮಿಲ್ ಲೆಕ್ಕದಲ್ಲಿ ಹೇಳುತ್ತಾರೆ. ಡಾಲರಿನ ಸಾವಿರದಲ್ಲೊಂದು ಪಾಲು ಒಂದು ಮಿಲ್. ಅಲ್ಲಿಯ ಕನ್ನಡಿಗರೊಬ್ಬರು ‘ಮಿಲ್ ಲೆವಿ’ ಅಂದದ್ದಕ್ಕೆ ಅಪ್ಪ ಫೋನಿನಲ್ಲೇ “ಯಾವ ಮಿಲ್ಲು, ಅಕ್ಕಿದಾ?” ಎಂದು ಕೇಳಿದರು. ಇದಕ್ಕೆ ಹೊಸ ಪದ ಬೇಡ, ‘ಸಾವಿರಕ್ಕೆ ಇಷ್ಟು’ ಸಾಕು, ಅಲ್ವಾ?

ನನ್ನ ಪ್ರಶ್ನೆಗಳು ಇಷ್ಟು. ಉತ್ತರ ಕರ್ನಾಟಕದವರು ಹೇಳಬೇಕು: ‘ಪಟ್ಟಿ ಎತ್ತುವುದು’ ಅಂದರೆ ಗಣಪತಿ ಚಂದಾದ ಹಾಗೆ ಕೇಳುತ್ತದೆಯೋ, ಕೊಡಲೇಬೇಕಾದ ಪಾಲಿನ ಹಾಗೋ? ಕರಾವಳಿಯವರು ಜಮೀನಿನ ಕಂದಾಯಕ್ಕೆ ‘ತೀರ್ವೆ’ ಎನ್ನುತ್ತಿದ್ದಿರಿ. ಅದು ಮನೆಗೂ ಬಳಕೆಯಲ್ಲಿತ್ತೇ? ಶಾಸನ ಓದುವವರು ‘ಮನೆದೆರೆ’ಯನ್ನು, ಅಂದರೆ ಮನೆಯ ಮೇಲಿನ ತೆರಿಗೆಯನ್ನು, ಬಲ್ಲಿರಿ. ಊರವರೇ ಕೂಡಿ ತಮ್ಮ ಮೇಲೆ ಹಾಕಿಕೊಂಡ ತೆರಿಗೆಗೆ ಬೇರೆ ಹೆಸರು ಎಲ್ಲಾದರೂ ಕಂಡಿದ್ದರೆ ತಿಳಿಸಿ.

ಸದ್ಯಕ್ಕೆ ‘ತುರ್ತು ಚಿಕಿತ್ಸೆಯ ವಂತಿಗೆ’ ಎಂದು ಬರೆದಿಟ್ಟಿದ್ದೇನೆ. ಅಪ್ಪ ಇನ್ನೂ ಒಪ್ಪಿಲ್ಲ. ಅವರು ಊರಿಗೆ ಹೊರಡಲು ಮೂರು ವಾರ ಇದೆ.