ಲವಂಗದೆಣ್ಣೆ ಇಟ್ಟರೂ ಕಾಳಿನ ಹುಳು ಹೋಗ್ತಿಲ್ಲ, ಸಾಕಾಗಿದೆ

ಬೀಜದಬುಟ್ಟಿ:
ಲವಂಗದೆಣ್ಣೆ, ನೀಲಗಿರಿ ಎಣ್ಣೆ ಎರಡನ್ನೂ ಹತ್ತಿಯಲ್ಲಿ ಅದ್ದಿ ಕಾಳಿನ ನಡುವೆ ಇಟ್ಟೆ. ಮೊದಲು ಒಂದಷ್ಟು ಹುಳು ಸತ್ತವು. ಈಗ ಮತ್ತೆ ಗಿಜಿಗಿಜಿ. ಮನೆಯೆಲ್ಲ ಹಲ್ಲಿನ ಡಾಕ್ಟರ್ ಕೋಣೆಯ ವಾಸನೆ. ಹುಳು ಕೊಲ್ಲುವ ವಿಷದ ಗುಳಿಗೆ ಇಡಿ ಅಂತ ಯಾರೂ ಹೇಳಬೇಡಿ, ಮನೆಯಲ್ಲಿ ಮಗು ಇದೆ.

ಎಣ್ಣೆಗಾಣ:
ಕಲಬೆರಕೆ ಎಣ್ಣೆ. ನೀಲಗಿರಿ ಎಣ್ಣೆ ಒಂದು ತೊಟ್ಟು ಬಿಳಿ ಕಾಗದದ ಮೇಲೆ ಬಿಡಿ. ಆರಿದ ಮೇಲೂ ಜಿಡ್ಡು ಉಳಿದರೆ ಅಡುಗೆ ಎಣ್ಣೆ ಬೆರೆಸಿದ್ದಾರೆ.

ಬೀಜದಬುಟ್ಟಿ:
ಜಿಡ್ಡು ಉಳಿಯಲಿಲ್ಲ.

ಎಣ್ಣೆಗಾಣ:
ಹಾಗಾದರೆ ಲವಂಗದ್ದೇ ಕಲಬೆರಕೆ. ಮೊಗ್ಗಿನದೋ, ಎಲೆಯದೋ? ಎಲೆಯದಾದರೆ ಪ್ರಯೋಜನವಿಲ್ಲ.

ಮಲೆನಾಡ_ಮನೆ:
ಎಲೆಯ ಎಣ್ಣೆಯಲ್ಲೂ ಯೂಜಿನಾಲೇ ಜಾಸ್ತಿ ಸ್ವಾಮಿ, ಲವಂಗಕ್ಕೆ ಘಾಟು ಕೊಡೋದೇ ಅದು. ಇದೆಲ್ಲ ಬಿಟ್ಟು ಬೇವಿನೆಣ್ಣೆ ಹಚ್ಚಿ. ಅದೂ ಸುಗಂಧ ತೈಲವೇ.

ಎಣ್ಣೆಗಾಣ:
ಅಲ್ಲವೇ ಅಲ್ಲ. ಬೇವಿನೆಣ್ಣೆ ಬೀಜ ಹಿಂಡಿ ತೆಗೆಯುವುದು. ಸುಗಂಧ ತೈಲ ಭಟ್ಟಿ ಇಳಿಸುವುದು, ಗಾಳಿಗೆ ಹಾರಿಹೋಗುತ್ತದೆ.

ಮಲೆನಾಡ_ಮನೆ:
ಬೇವಿಗೆ ವಾಸನೆ ಇಲ್ವಾ ಮತ್ತೆ?

ಕಣಜ:
ಇಬ್ಬರೂ ಸ್ವಲ್ಪ ತಡೆಯಿರಿ. ಅಕ್ಕಾ, ಯಾವ ಕಾಳು? ಯಾವುದರಲ್ಲಿ ತುಂಬಿದ್ದೀರಿ?

ಬೀಜದಬುಟ್ಟಿ:
ಹೆಸರುಕಾಳು. ಗೋಣಿಚೀಲ. ಇನ್ಯಾವುದರಲ್ಲಿ ತುಂಬುತ್ತಾರೆ?

ಕಣಜ:
ಅಲ್ಲೇ ಇದೆ ನೋಡಿ. ಈ ಎಣ್ಣೆ ಕೊಲ್ಲುವುದು ಆವಿಯಿಂದ. ಗೋಣಿಯಲ್ಲಿ ಆವಿ ನಿಲ್ಲುವುದಿಲ್ಲ, ಉಳಿದದ್ದನ್ನು ಕಾಳೇ ಹೀರುತ್ತದೆ. ಹೊರಗೆ ಓಡಾಡುವ ಹುಳು ಮಾತ್ರ ಸತ್ತಿದೆ. ಕಾಳಿನ ಮೈಮೇಲೆ ಬಿಳಿ ಚುಕ್ಕೆ ಅಂಟಿದೆಯಾ? ಅದು ಮೊಟ್ಟೆ. ಮರಿ ಸೀದಾ ಕಾಳಿನೊಳಗೆ ಕೊರೆದು ಹೋಗುತ್ತದೆ. ಸೆಕೆಗಾಲದಲ್ಲಿ 25ರಿಂದ 30 ದಿನಕ್ಕೆ ದುಂಡಗೆ ತೂತು ಮಾಡಿ ಹೊರಗೆ ಬರುತ್ತದೆ. ಎಷ್ಟೋ ಸಲ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ.

ಜರಡಿ ಹಿಡಿಯಿರಿ. ಕಪ್ಪು ಪ್ಲಾಸ್ಟಿಕ್ ಹಾಳೆ ಮೇಲೆ ತೆಳುವಾಗಿ ಹರಡಿ, ಮೇಲೆ ಪಾರದರ್ಶಕ ಹಾಳೆ ಮುಚ್ಚಿ ಬಿಸಿಲಿಗಿಡಿ. ಕಾಳಿನ ಬಿಸಿ 57 ಡಿಗ್ರಿ ಮುಟ್ಟಿ ಒಂದು ಗಂಟೆ ನಿಂತರೆ ಒಳಗಿನ ಮರಿಯೂ ಸಾಯುತ್ತದೆ. ಪೂರ್ತಿ ಆರಿದ ಮೇಲೆ ಕೆಜಿಗೆ 5 ಮಿಲಿ ಹರಳೆಣ್ಣೆ ಸವರಿ, ಗಾಳಿ ಆಡದ ಡಬ್ಬಿಗೆ ತುಂಬಿ. ಹರಳೆಣ್ಣೆ ಹೊಸ ಮೊಟ್ಟೆಗಳ ಉಸಿರು ಕಟ್ಟಿಸುತ್ತದೆ. ಒಳಗೆ ಹೊಕ್ಕ ಮರಿಗೆ ಅದು ತಾಗದು. ಅದಕ್ಕೇ ಬಿಸಿಲು ಮೊದಲು.

ಎಣ್ಣೆಗಾಣ:
ಎಣ್ಣೆ ಚೆನ್ನಾಗಿದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಡ್ರಮ್_ರಾಜ:
ನಮ್ಮಲ್ಲಿ 200 ಲೀಟರಿನ ಡ್ರಮ್, ರಬ್ಬರ್ ರಿಂಗ್, ಕ್ಲಾಂಪ್ ಮುಚ್ಚಳ. ತಳದಲ್ಲಿ ಕಾಳು ಬೀಳಿಸುವ ಬಾಯಿ ವೆಲ್ಡ್ ಮಾಡಿಸಿದ್ದೇನೆ. ತೊಗರಿ, ಅಲಸಂದೆ, ಕಡಲೆ ಯಾವುದಕ್ಕೂ ಹುಳು ಇಲ್ಲ. ಫೋಟೋ ಹಾಕಲಾ?

ಬೀಜದಬುಟ್ಟಿ:
ಡ್ರಮ್ ಆಮೇಲೆ. ಇದೇ ಚೀಲದಲ್ಲಿ ಬಿತ್ತನೆಗೂ ಸ್ವಲ್ಪ ಇದೆ. ಅದಕ್ಕೂ ಹಾಳೆ ಬಿಸಿಲು ನಡೆಯುತ್ತಾ?

ಕಣಜ:
ಬಿತ್ತನೆಯದನ್ನು ಬೇರೆ ಮಾಡಿ. ಬಿಸಿ ಹೆಚ್ಚಾದರೆ ಮೊಳಕೆ ಕೆಡುತ್ತದೆ. ಲವಂಗದೆಣ್ಣೆಯೂ ಮೊಳಕೆಗೆ ಒಳ್ಳೆಯದಲ್ಲ. ಒಂದು ಹಿಡಿ ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ. ಎಷ್ಟು ಮೊಳೆಯಿತು ಹೇಳಿ, ಮುಂದಿನದು ಆಮೇಲೆ.

ಮಲೆನಾಡ_ಮನೆ:
ರಾಜಣ್ಣ, ಫೋಟೋ ಹಾಕಿ. ಡ್ರಮ್ಮಿನಲ್ಲಿ ಮೊದಲು ಏನಿತ್ತು?

ಡ್ರಮ್_ರಾಜ:
ಗುಜರಿಯವನು ಹೇಳಲಿಲ್ಲ. ಚೆನ್ನಾಗಿ ತೊಳೆದಿದ್ದೇನೆ.

ಕಣಜ:
ಏನ್ರೀ ಇದು! ಅದರಲ್ಲಿ ತಿನ್ನೋ ಕಾಳು ಇಟ್ಟಿದ್ದೀರಾ?